ರ‍್ಯಾಂಕ್ ಇದೆ, ಅಂಕ ಸಾಲದು



ಸಿಇಟಿ ಫಲಿತಾಂಶ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ತಂದೆತಾಯಂದಿರು ನನ್ನಲ್ಲಿಗೆ ಬರುತ್ತಾರೆ. ಸರ್ಕಾರಿ ಎಂಜಿನಿಯರ್ ಆಗಿದ್ದವನಿಗೆ ಇದೆಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ. “ನಮ್ಮೈದ ಸಿಇಟಿಲಿ ಚೆನ್ನಾಗಿ ತಗದವ್ನ ಸಾರ್, ಪಿಯುಸಿಲಿ ಕಮ್ಮಿ ಬಂದದ. ಒಳ್ಳೆ ಕಾಲೇಜು ಸಿಕ್ಕದಾ?” ಎಂದು ಕೇಳುತ್ತಾರೆ. ನಾನು ಓದುವಾಗ ಈ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಸಿಇಟಿ ಬಂದದ್ದು 1994ರಲ್ಲಿ.

ಮೊದಲು ಲೆಕ್ಕ ನೋಡೋಣ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಬ್ಬ ಹುಡುಗನಿಗೆ ಪಿಯುಸಿಯಲ್ಲಿ 300ಕ್ಕೆ 174, ಸಿಇಟಿಯಲ್ಲಿ 180ಕ್ಕೆ 126 ಬಂದಿದೆ ಅನ್ನಿ. ಅಂದರೆ ಶೇ. 58 ಮತ್ತು ಶೇ. 70, ಸರಾಸರಿ 64. ಇನ್ನೊಬ್ಬನಿಗೆ ಪಿಯುಸಿಯಲ್ಲಿ 285, ಸಿಇಟಿಯಲ್ಲಿ ಬರೀ 63. ಅವನ ಸರಾಸರಿ 65. ಸಿಇಟಿಯಲ್ಲಿ ಎರಡು ಪಟ್ಟು ಅಂಕ ತೆಗೆದವನು ಹಿಂದೆ ಬಿದ್ದ! ಕೋಚಿಂಗ್‌ಗೆ ಹಣ ಸುರಿದು, ಪಿಯು ಕಾಲೇಜಿನಲ್ಲಿ ಹೆಸರಿಗಷ್ಟೇ ದಾಖಲಾಗಿರುವ ಮಕ್ಕಳ ಪೋಷಕರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು.

ಆದರೆ ಅಂಕ ಕಡಿಮೆ ಬಂದ ಮಕ್ಕಳೆಲ್ಲ ಅಸಡ್ಡೆಯವರಲ್ಲ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದವರು ಪಿಯುಸಿ ವಿಜ್ಞಾನಕ್ಕೆ ಬಂದಾಗ ಎಲ್ಲವೂ ಇಂಗ್ಲಿಷ್. ವಿಷಯ ತಲೆಯಲ್ಲಿದ್ದರೂ ಪುಟಗಟ್ಟಲೆ ಬರೆಯಲು ಕೈ ಓಡುವುದಿಲ್ಲ. ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸುವ ಸಿಇಟಿಯಲ್ಲಿ ಅದೇ ಮಗು ಗೆಲ್ಲುತ್ತದೆ. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಆನೆ, ಹಂದಿ ಕಾಯಲು ರಾತ್ರಿ ಹೊಲದಲ್ಲಿ ಕೂತು, ಬೆಳಿಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಬರುವ ಹುಡುಗರೂ ಇದ್ದಾರೆ. ಕಾಂಕ್ರೀಟಿನಲ್ಲಿ ಏಳನೆಯ ದಿನದ ಕ್ಯೂಬು ಕಡಿಮೆ ಬಲ ತೋರಿಸಿತೆಂದು ನಾವು ತಾರಸಿ ಒಡೆಯುತ್ತಿರಲಿಲ್ಲ. ಇಪ್ಪತ್ತೆಂಟನೆಯ ದಿನದ ಫಲಿತಾಂಶಕ್ಕೆ ಕಾಯುತ್ತಿದ್ದೆವು, ಕಡಿಮೆ ಯಾಕೆ ಬಂತೆಂದೂ ಹುಡುಕುತ್ತಿದ್ದೆವು.

ಇಂಥ ಮಕ್ಕಳಿಗೆ ದಾರಿ ಇದೆ. 2024ರಿಂದ ದ್ವಿತೀಯ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಮೇಲಿನ ಹುಡುಗ ಮೂರು ವಿಷಯಗಳಲ್ಲಿ ತಲಾ ಹತ್ತು ಅಂಕ ಹೆಚ್ಚು ತೆಗೆದರೆ ಸರಾಸರಿ 64ರಿಂದ 69ಕ್ಕೆ ಏರುತ್ತದೆ. ಹೊಸ ಅಂಕವನ್ನು ಪರೀಕ್ಷಾ ಪ್ರಾಧಿಕಾರ ಎಂದಿನವರೆಗೆ ಸ್ವೀಕರಿಸುತ್ತದೆ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ, ಯಾರದೋ ಮಾತು ಕೇಳಬೇಡಿ. ಕಾಮೆಡ್‌-ಕೆಯಲ್ಲಿ ರ‍್ಯಾಂಕಿಗೆ ಅದರ ಪರೀಕ್ಷೆಯ ಅಂಕವೊಂದೇ ಆಧಾರ; ಶುಲ್ಕ ಮಾತ್ರ ಭಾರ. ವೈದ್ಯಕೀಯಕ್ಕೂ ನೀಟ್ ಅಂಕವೇ ಆಧಾರ, ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50 ಇದ್ದರೆ ಸಾಕು. ಐಐಟಿ, ಎನ್‌ಐಟಿ ಕಡೆ ನೋಡುವವರು ಮಾತ್ರ ಎಚ್ಚರ: ಕೊರೊನಾ ಕಾಲದಲ್ಲಿ ಸಡಿಲಿಸಿದ್ದ ಶೇ. 75ರ ನಿಯಮ 2023ರಿಂದ ಮರಳಿದೆ. ಅದಿಲ್ಲದಿದ್ದರೆ ತಮ್ಮ ಬೋರ್ಡಿನ ಮೇಲಿನ ಶೇ. 20ರೊಳಗೆ ಇರಬೇಕು. ಪರಿಶಿಷ್ಟರಿಗೆ ಶೇ. 65.

ಯಾವ ಅಂಕವನ್ನು ಎಷ್ಟು ನಂಬಬೇಕು ಎಂಬ ಜಗಳ ಹೈಕೋರ್ಟಿಗೂ ಹೋಗಿತ್ತು. 2021ರಲ್ಲಿ ಪರೀಕ್ಷೆಯಿಲ್ಲದೆ ಪಾಸಾದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಅವರ ಪಿಯುಸಿ ಅಂಕವನ್ನು ಪ್ರಾಧಿಕಾರ ಲೆಕ್ಕಕ್ಕೇ ಹಿಡಿಯಲಿಲ್ಲ. ಸುಮಾರು 24 ಸಾವಿರ ಮಕ್ಕಳ ಪ್ರಶ್ನೆ. ಸೆಪ್ಟೆಂಬರ್ 3ರಂದು ಏಕಸದಸ್ಯ ಪೀಠ ಅಂಕ ಸೇರಿಸಿ ಎಂದಿತು. ಅದೇ ತಿಂಗಳು ಮೇಲ್ಮನವಿಯಲ್ಲಿ, ಅವರ ಅಂಕದಲ್ಲಿ ಸ್ವಲ್ಪ ಕಡಿತ ಮಾಡಿ ಸೇರಿಸುವ ಮಧ್ಯದ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಸರ್ಕಾರವೇ ಅಂಕದ ಹಿಂದಿನ ಪರಿಸ್ಥಿತಿಯನ್ನು ನೋಡಬೇಕಾಯಿತು.

ನಮ್ಮ ಸಂಸ್ಥೆಗಳು ನೋಡುತ್ತಿವೆಯೇ? 1963ರಲ್ಲಿ ಮೈಸೂರಿನಲ್ಲಿ ಸುತ್ತೂರು ಮಠದ, ತುಮಕೂರಿನಲ್ಲಿ ಸಿದ್ಧಗಂಗಾ ಮಠದ ಎಂಜಿನಿಯರಿಂಗ್ ಕಾಲೇಜುಗಳು ಆರಂಭವಾದವು. ಹಳ್ಳಿಯ ಎಷ್ಟೋ ಮನೆಗಳ ಮೊದಲ ಎಂಜಿನಿಯರು ಮಠದ ಹಾಸ್ಟೆಲಿನಲ್ಲಿ ಉಂಡು ಓದಿದವನು. ಈಗ ಕೆಲವು ಮಠಗಳ ಪಿಯು ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ ಎಸ್‌ಎಸ್‌ಎಲ್‌ಸಿ ಶೇಕಡಾವಾರು ಒಂದನ್ನೇ ನೋಡಿ ಅರ್ಜಿ ಬದಿಗಿಡುತ್ತಾರೆ. ಶೇ. 90ರವನನ್ನು ಸೇರಿಸಿಕೊಂಡು ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸ್ ಕಟ್ಟುವುದರಲ್ಲಿ ನನಗಂತೂ ಹೆಚ್ಚಿನ ಸಾಹಸ ಕಾಣುವುದಿಲ್ಲ. ಅಂಕ ಕಡಿಮೆಯಾದ ಮಗುವಿಗೂ ಅನ್ನ, ಅಕ್ಷರ ಬೇಕೆಂದೇ ಆ ಹಾಸ್ಟೆಲುಗಳನ್ನು ಕಟ್ಟಿದ್ದು.

ಪೂಜ್ಯರಲ್ಲಿಯೂ ಆಡಳಿತ ಮಂಡಳಿಗಳಲ್ಲಿಯೂ ನನ್ನ ಕೋರಿಕೆ ಇಷ್ಟು. ಅರ್ಜಿ ನಮೂನೆಯಲ್ಲಿ ಶೇಕಡಾವಾರಿನ ಕೆಳಗೆ ಇನ್ನೆರಡು ಸಾಲು ಸೇರಿಸಿ: ಓದಿದ ಮಾಧ್ಯಮ ಯಾವುದು, ಅಂಕ ಕಡಿಮೆಯಾಗಲು ಕಾರಣವೇನು. ಸಂಶಯವಿದ್ದರೆ ಗಣಿತ, ವಿಜ್ಞಾನದಲ್ಲಿ ಒಂದು ಗಂಟೆಯ ಪರೀಕ್ಷೆ ಕನ್ನಡದಲ್ಲೇ ಇಡಿ. ಪಿಯುಸಿಗೆ ಸೇರಿದ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಮೂರು ತಿಂಗಳು ಸಂಜೆ ಉತ್ತರ ಬರೆಯುವ ಅಭ್ಯಾಸ ಮಾಡಿಸಿ. ಇದಕ್ಕೆ ನಿವೃತ್ತರಾದ ನಾವು ಸಂಬಳ ಕೇಳುವುದಿಲ್ಲ. ಮಠದ ಎಂಜಿನಿಯರಿಂಗ್ ಕಾಲೇಜುಗಳ ಆಡಳಿತ ಮಂಡಳಿ ಸೀಟುಗಳಲ್ಲಿ ನಾಲ್ಕೈದನ್ನಾದರೂ ಸಿಇಟಿಯಲ್ಲಿ ಮಿಂಚಿ ಪಿಯುಸಿಯಲ್ಲಿ ಸೋತ ಹಳ್ಳಿ ಮಕ್ಕಳಿಗೆ ಸರ್ಕಾರಿ ಶುಲ್ಕದಲ್ಲಿ ಕೊಡಿ. ಮುಂದಿನ ವರ್ಷದ ಅರ್ಜಿಗಳು ಅಚ್ಚಿಗೆ ಹೋಗುವ ಮೊದಲೇ ಇದು ತೀರ್ಮಾನವಾಗಲಿ.