ಮೊದಲು ಕೆಳಗೆ ಬಗ್ಗಿ ನೋಡಿ, ಬಣ್ಣ ಆಮೇಲೆ

2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಇಳಿದವು. ಇಪ್ಪತ್ತು ವರ್ಷ ತುಂಬಿದ ಟ್ಯಾಕ್ಸಿ ಓಡಿಸುವಂತಿಲ್ಲ ಅನ್ನೋದು ಇಲ್ಲಿನ ನಿಯಮ. ಅವು ಹೋದದ್ದೇ ಹೋದದ್ದು, ಮನೆಮನೆಯ ಹಳೇ ಫಿಯಟ್‌ಗಳ ಮೇಲೆ ಎಲ್ಲರಿಗೂ ಎಲ್ಲಿಲ್ಲದ ಮಮತೆ ಉಕ್ಕಿದೆ. ನನ್ನ ಪರಿಚಯದ ಮೂವರು ಕನ್ನಡಿಗರೇ ಹಳೇ ಪದ್ಮಿನಿ ಕೊಂಡಿದ್ದಾರೆ. ಮಮತೆ ತಪ್ಪೇನಲ್ಲ ಬಿಡಿ. ಇದೇ ಊರಿನ ಕುರ್ಲಾದಲ್ಲಿ ತಯಾರಾದ ಕಾರು. ಊರಿಂದ ಬಂದ ನಮ್ಮಲ್ಲಿ ಎಷ್ಟೋ ಜನ ವಿಟಿಯಲ್ಲೋ ದಾದರಿನಲ್ಲೋ ರೈಲಿಳಿದು, ಪೆಟ್ಟಿಗೆಯನ್ನು ಕ್ಯಾರಿಯರ್ ಮೇಲೆ ಹಾಕಿಸಿ ಈ ನಗರವನ್ನು ಮೊದಲು ನೋಡಿದ್ದೇ ಅದರ ಕಿಟಕಿಯಿಂದ. ನನ್ನ ತಕರಾರು ಇರೋದು ಆ ಮಮತೆಯ ದುಡ್ಡು ಹೋಗುತ್ತಿರುವ ದಾರಿಯ ಬಗ್ಗೆ.

ಹಳೇ ಕಾರು ಕೊಂಡವರು ಮೊದಲು ಓಡುವುದು ಪೇಂಟಿಂಗ್‌ನವನ ಹತ್ತಿರ. ಆಮೇಲೆ ಕ್ರೋಮ್ ಬಂಪರ್, ಸೀಟಿಗೆ ರೆಕ್ಸಿನ್, ಮ್ಯೂಸಿಕ್ ಸಿಸ್ಟಂ. ಕಾರಿನ ಅಡಿಭಾಗಕ್ಕೆ ಏನಾದರೂ ಉಳಿದರೆ ಉಂಟು, ಇಲ್ಲದಿದ್ದರೆ ಒಂದು ಕೋಟ್ ಕರೀ ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತಾರೆ. ಇದು ತಲೆಕೆಳಗಾದ ಲೆಕ್ಕ ಸ್ವಾಮಿ. ಮೊದಲ ರೂಪಾಯಿ ಅಡಿಭಾಗಕ್ಕೆ ಹೋಗಬೇಕು, ಅದು ಗಟ್ಟಿಯಾದ ಮೇಲೆ ಉಳಿದದ್ದು ಬಣ್ಣಕ್ಕೆ. ಅಡಿಭಾಗ ಗಟ್ಟಿ ಮಾಡಲಾಗದ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಇಳಿಯಲೇಬಾರದು.

"ಚಾಸಿ ಬಹಳ ಗಟ್ಟಿ ಇದೆ ಸಾರ್" ಅಂತ ಮಾರುವವರು ಹೇಳುತ್ತಾರಲ್ಲ, ಆ ಮಾತನ್ನೇ ನೋಡಿ. ಲಾರಿಗೆ, ಹಳೇ ಜೀಪಿಗೆ ಏಣಿಯಂಥ ಪ್ರತ್ಯೇಕ ಚಾಸಿ ಇರುತ್ತೆ. ಫಿಯಟ್ 1100ಕ್ಕೆ ಇಟಲಿಯಲ್ಲಿ 1953ರಲ್ಲಿ ಈ ಮಾದರಿ ಬಂದಾಗಿನಿಂದಲೂ ಅಂಥದ್ದಿಲ್ಲ. ಪದ್ಮಿನಿ ಅದರದ್ದೇ ವಂಶ. ನೆಲದ ತಗಡು, ಬಾಗಿಲ ಕೆಳಗೆ ಉದ್ದಕ್ಕೂ ಪೆಟ್ಟಿಗೆಯಂತೆ ಮಡಿಸಿದ ಸಿಲ್, ಕಂಬಗಳು, ಮಾಡು, ಎಲ್ಲ ಸೇರಿಯೇ ಅದರ ಅಸ್ಥಿಪಂಜರ. ಸಿಲ್‌ಗೆ ತುಕ್ಕು ಹಿಡಿಯಿತು ಅಂದರೆ ಬೆನ್ನುಮೂಳೆಗೇ ಹಿಡಿದಂತೆ. "ಹಳೇ ಕಾಲದ ಕಬ್ಬಿಣ, ಈಗಿನ ತಗಡಲ್ಲ" ಅನ್ನೋ ಹೆಮ್ಮೆಯೂ ಇಲ್ಲಿ ನಡೆಯಲ್ಲ. ಅದೂ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ತಗಡೇ. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ರಸ್ತೆಯಲ್ಲಿ ನಿಂತ ನೀರು, ಇವುಗಳಿಂದ ಅದು ಒಳಗಿನಿಂದಲೇ ಕರಗುತ್ತೆ. ಮುಂಬೈಯ ಕಾರಿಗಾಗಲಿ ನಮ್ಮ ಮಂಗಳೂರಿನ ಕಾರಿಗಾಗಲಿ ಇದರಲ್ಲಿ ವ್ಯತ್ಯಾಸವಿಲ್ಲ.

ಬ್ಯಾಂಕಿನವನಾದ ನನಗೆ ಇದು ಬಹಳ ಪರಿಚಿತ ಕತೆ. ಮಾರ್ಚ್ 31ಕ್ಕೆ ಬ್ಯಾಲೆನ್ಸ್ ಶೀಟ್ ಚೆಂದ ಕಾಣಲಿ ಅಂತ ಕೆಟ್ಟ ಸಾಲಕ್ಕೆ ಹೊಸ ಸಾಲದ ತೇಪೆ ಹಾಕುವುದಿದೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತುವುದೂ ಅದೇ ಜಾತಿ. ಒಳಗಿನ ನಷ್ಟ ಅಷ್ಟೇ ಇರುತ್ತೆ, ಕಾಣೋದಿಲ್ಲ ಅಷ್ಟೆ.

ಕಂಡುಹಿಡಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಒಂದು ಅಯಸ್ಕಾಂತ ಹಿಡಿದು ಸಿಲ್ ಉದ್ದಕ್ಕೂ ಸವರಿ, ದಪ್ಪ ಪುಟ್ಟಿ ಇದ್ದ ಕಡೆ ಅಂಟುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ಟಣ್ ಅನ್ನುವ ಬದಲು ದಬ್ ಅಂದರೆ ಅನುಮಾನಪಡಿ. ಕಾರನ್ನು ಒಂದು ಬದಿಯಿಂದ ಜಾಕ್ ಎತ್ತಿ ಬಾಗಿಲು ಹಾಕಿ ತೆಗೆಯಿರಿ. ನೆಲದ ಮೇಲೆ ಸಲೀಸಾಗಿದ್ದ ಬಾಗಿಲು ಈಗ ಉಜ್ಜಿದರೆ ಇಡೀ ಬಾಡಿ ಬಾಗುತ್ತಿದೆ ಅಂತಲೇ ಅರ್ಥ. ಹಿಂದಿನ ಲೀಫ್ ಸ್ಪ್ರಿಂಗ್, ಇಲ್ಲಿನ ಮೆಕ್ಯಾನಿಕ್‌ಗಳ ಬಾಯಲ್ಲಿ ಪಾಟಾ, ಬಾಡಿಗೆ ಸೇರುವ ಜಾಗವನ್ನಂತೂ ಟಾರ್ಚ್ ಹಾಕಿಯೇ ನೋಡಬೇಕು.

ಇನ್ನು ರಿಪೇರಿ. ತುಕ್ಕಿನ ಮೇಲೆಯೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿದರೆ ನಡುವೆ ನೀರು ನಿಂತು ಎರಡೂ ಕೊಳೆಯುತ್ತವೆ. ಒಳ್ಳೆಯ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತಗಡನ್ನು ಅದೇ ಆಕಾರಕ್ಕೆ ಮಡಿಸಿ ಕೂರಿಸಬೇಕು. ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ಕೊಟ್ಟು ಬಿಗಿಯಬೇಕು, ಇಲ್ಲದಿದ್ದರೆ ಕಾರು ನಡುವಿನಲ್ಲಿ ಕುಸಿದು ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರಲ್ಲ. ಕೆಳಗಿನ ಮೂಲೆಯಿಂದ ಮೂಲೆಗೆ ಕರ್ಣದ ಅಳತೆ ಮೊದಲೂ ಆಮೇಲೂ ತೆಗೆದು ಬರೆದಿಡಿ. ಇದೆಲ್ಲ ನಿಧಾನದ ಕೆಲಸ. "ಎರಡೇ ದಿನ ಸಾರ್" ಅನ್ನುವವನ ಕೈಗೆ ಕೊಡಬೇಡಿ.

ಗಟ್ಟಿ ಆಗಲಿ ಅಂತ ಅಡಿಯಲ್ಲಿ ದಪ್ಪ ಆಂಗಲ್ ಪಟ್ಟಿ ಹೊಡೆಸುವ ಶೂರರೂ ಇದ್ದಾರೆ. ತೆಳು ತಗಡಿಗೆ ದಪ್ಪ ಕಬ್ಬಿಣ ಬೆಸೆದರೆ ಆ ಬೆಸುಗೆಯ ಅಂಚಿನಲ್ಲೇ ಮುಂದೆ ಬಿರುಕು ಬಿಡುತ್ತೆ. ಬಲಪಡಿಸುವುದಾದರೆ ಪಾಟಾ ಹಿಡಿಯುವ ಜಾಗ, ಮುಂದಿನ ವಿಶ್‌ಬೋನ್ ಹಿಡಿಯುವ ಜಾಗ, ಹೀಗೆ ಭಾರ ಬೀಳುವ ಕಡೆ ಮಾತ್ರ ಅಗಲವಾದ ಪಟ್ಟಿ ಕೊಟ್ಟು ಬಲವನ್ನು ಹರಡಬೇಕು. ಸಸ್ಪೆನ್ಷನ್ನಿನಲ್ಲೂ ಇದೇ ಮಾತು. ಕಾರು ಹಿಂದೆ ಕುಗ್ಗಿದೆ ಅಂತ ಇನ್ನೊಂದು ಪಾಟಾ ಸೇರಿಸಿದರೆ ಎತ್ತರ ಬರುತ್ತೆ ನಿಜ, ಆದರೆ ಪ್ರತಿ ಗುಂಡಿಯ ಹೊಡೆತ ನೇರ ಬಾಡಿಗೆ ಬೀಳುತ್ತೆ. ರಬ್ಬರ್ ಬುಷ್, ಕಿಂಗ್ ಪಿನ್ ಹೊಸದು ಹಾಕಿಸಿ. ಮುಂದಿನ ಕಾಯಿಲ್ ಸ್ಪ್ರಿಂಗ್, ಶಾಕಪ್ ಬದಲಾಯಿಸುವುದಾದರೆ ಎರಡೂ ಬದಿಗೆ ಒಟ್ಟಿಗೇ. ಗ್ರೀಸ್ ಮರೆಯಬೇಡಿ. ಬುಷ್‌ಗಳ ಬೋಲ್ಟ್ ಕೊನೆಯ ಬಿಗಿ ಮಾಡುವುದು ಕಾರು ತನ್ನ ಚಕ್ರದ ಮೇಲೆ ನಿಂತಿರುವಾಗ. ಎತ್ತಿದಲ್ಲೇ ಬಿಗಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ಕಾನೂನೂ ಈ ಕಡೆಗೇ ಇದೆ. ತಯಾರಕರು ಕೊಟ್ಟ ಮೂಲ ರೂಪಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮವೂ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಮಾರ್ಪಡಿಸದ ವಾಹನಕ್ಕೆ ಮಾತ್ರ. 1974ರ ಕಾರಿಗೆ ಆ ವಯಸ್ಸು ಆಗಲೇ ಆಗಿದೆ. ಇಂದು ಮನಸ್ಸಿಗೆ ಬಂದಂತೆ ಬೆಸೆದದ್ದು ನಾಳೆ ಈ ಗೌರವಕ್ಕೆ ಅಡ್ಡ ಬರಬಹುದು.

"ಕಾರಿನ ಬೆಲೆಗಿಂತ ರಿಪೇರಿಯೇ ಹೆಚ್ಚಾಗುತ್ತಲ್ಲ ಸಾರ್, ನೀವೇ ಬ್ಯಾಂಕಿನವರು" ಅಂತ ಕೇಳಿದವರಿದ್ದಾರೆ. ಹೌದು, ಹೆಚ್ಚಾಗುತ್ತೆ. ಇದನ್ನು ಹೂಡಿಕೆ ಅಂತ ಬರೆದುಕೊಳ್ಳಬೇಡಿ, ಖರ್ಚು ಅಂತಲೇ ಬರೆದುಕೊಳ್ಳಿ. ಅಷ್ಟು ಖರ್ಚು ಮಾಡಲು ಆಗದಿದ್ದರೆ ಕೊಳ್ಳದೆ ಇರುವುದೂ ಮರ್ಯಾದೆಯ ನಿರ್ಧಾರವೇ. ಅಥವಾ ಕೊಂಡು, ಬಣ್ಣ ಹಚ್ಚದೆ, ಈ ವರ್ಷ ಅಡಿಭಾಗ, ಮುಂದಿನ ವರ್ಷ ಸಸ್ಪೆನ್ಷನ್ ಅಂತ ಕಂತಿನ ಮೇಲೆ ಮಾಡಿಸಿ. ಮಾಸಿದ ಬಣ್ಣದ ಗಟ್ಟಿ ಕಾರು ನಿಮ್ಮನ್ನು ಮನೆ ಮುಟ್ಟಿಸುತ್ತೆ. ಫಳಫಳ ಹೊಳೆಯುವ ಪೊಳ್ಳು ಕಾರು ಖಂಬಾಟ್ಕಿ ಘಾಟಿನ ತಿರುವಿನಲ್ಲಿ ಏನು ಮಾಡುತ್ತೋ ಬಲ್ಲವರಾರು?

ನಿಮ್ಮ ಮನೆಯಲ್ಲೂ ಹಳೇ ಫಿಯಟ್ಟೋ ಅಂಬಾಸಡರೋ ಇದ್ದರೆ ಈ ಭಾನುವಾರ ಬೆಳಿಗ್ಗೆ ಒಂದು ಗೋಣಿ ಹಾಸಿಕೊಂಡು ಕೆಳಗೆ ಬಗ್ಗಿ ನೋಡಿ. ಏನಂತೀರಾ?