ಊರಿಲ್ಲದ ಹರಳು

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರು ವಾಘೋಲಿಯನ್ನು ಬಲ್ಲದ್ದು ಫ್ಲಾಟುಗಳ ಬೆಲೆಯಿಂದ, ಇಲ್ಲವೆ ನಗರ್ ರಸ್ತೆಯ ವಾಹನಗಳ ಸಾಲಿನಿಂದ. ಜಗತ್ತಿನ ಖನಿಜ ಸಂಗ್ರಾಹಕರಿಗೆ ಆ ಹೆಸರು ಗೊತ್ತಿರುವುದು ಬೇರೆಯೇ ಕಾರಣಕ್ಕೆ. ಕ್ಯಾವನ್ಸೈಟ್ ಎಂಬ ಕಡುನೀಲಿ ಖನಿಜವೊಂದಿದೆ. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾನ್ ಎಂಬ ಮೂರು ಮೂಲವಸ್ತುಗಳ ಹೆಸರುಗಳ ತುಂಡುಗಳನ್ನು ಜೋಡಿಸಿ ಕಟ್ಟಿದ ಹೆಸರು ಅದು. ಮೊದಲು ದೊರೆತದ್ದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ. ಹೊಸ ಖನಿಜವೆಂದು 1973ರಲ್ಲಿ ಅದರ ವಿವರಣೆ ಪ್ರಕಟವಾಯಿತು. ಆದರೆ ಅಲ್ಲಿ ಸಿಕ್ಕಿದ್ದು ಅತ್ಯಲ್ಪ. ಕಣ್ಣು ತುಂಬುವಂಥ ಮಾದರಿಗಳು ಬಂದದ್ದು ವಾಘೋಲಿಯ ಜಲ್ಲಿಕಲ್ಲಿನ ಗಣಿಗಳಿಂದ. ಹೊರದೇಶಗಳ ಸಂಗ್ರಹಾಲಯಗಳಲ್ಲಿ ಎಲ್ಲಿಯಾದರೂ ಈ ನೀಲಿ ಹೂಗೊಂಚಲು ಕಂಡರೆ, ಅದು ಬಹುಮಟ್ಟಿಗೆ ನಮ್ಮ ಪಕ್ಕದ ಊರಿನದೇ.

ಖನಿಜ ಸಂಗ್ರಹದ ಮಾತೆತ್ತಿದರೆ ಓದುಬಲ್ಲವರ ವಲಯದಲ್ಲಿ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ. ಭೂಮಿಯ ಒಡಲಲ್ಲಿ ರೂಪುಗೊಂಡು ಕೋಟ್ಯಂತರ ವರ್ಷ ಅಲ್ಲಿಯೇ ಉಳಿದುದನ್ನು ಕಿತ್ತು ತಂದು ಗಾಜಿನ ಕಪಾಟಿನಲ್ಲಿಡುವುದು ಲೂಟಿಯಲ್ಲವೇ ಎಂದು. ದಂತ, ಹವಳ, ಚಿಟ್ಟೆಗಳ ಸಾಲಿಗೆ ಹರಳನ್ನೂ ಸೇರಿಸುವ ಈ ಮನೋಭಾವ ಸದುದ್ದೇಶದ್ದೇ. ಆದರೆ ದಖ್ಖನಿನ ಮಟ್ಟಿಗೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾ ಪದರಪದರವಾಗಿ ಹರಿದು ಹೆಪ್ಪುಗಟ್ಟಿತು. ಅದರಿಂದಾದ ಕರಿಕಲ್ಲು, ಅಂದರೆ ಬಸಾಲ್ಟ್, ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ನಮ್ಮ ವಿಜಯಪುರ, ಕಲಬುರಗಿ ಸೀಮೆಗಳ ಎರೆಮಣ್ಣು ಇದೇ ಕಲ್ಲು ಕರಗಿ ಆದದ್ದು. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಪೊಟರೆಗಳಾಗಿ ಉಳಿದವು. ಕೆಲವು ಕಡಲೆಕಾಳಿನಷ್ಟು, ಕೆಲವು ಮನುಷ್ಯ ತೂರುವಷ್ಟು. ಬಂಡೆಯ ಬಿರುಕುಗಳಲ್ಲಿ ಸುಳಿದಾಡಿದ ಬಿಸಿನೀರು ಕಲ್ಲಿನ ಸಾರವನ್ನು ಕರಗಿಸಿ ತಂದು ಈ ಪೊಟರೆಗಳ ಗೋಡೆಗೆ ನಿಧಾನವಾಗಿ ಹರಳುಗಟ್ಟಿಸಿತು. ನಡು ಬಿಗಿದು ಕಟ್ಟಿದ ಭತ್ತದ ಸಿವುಡಿನಂತೆ ಕಾಣುವ ಏಪ್ರಿಕಾಟ್ ಬಣ್ಣದ ಸ್ಟಿಲ್ಬೈಟ್, ಬಿಳಿ ಸೂಜಿಗಳು ಬೀಸಣಿಗೆಯಂತೆ ಹರಡಿದ ಸ್ಕೊಲೆಸೈಟ್, ನೀರಿನಷ್ಟು ತಿಳಿಯಾದ ಅಪೊಫಿಲೈಟ್. ಇವುಗಳಲ್ಲಿ ಮೊದಲೆರಡು ಜಿಯೊಲೈಟ್ ಕುಲದವು. ಕಾಯಿಸಿದರೆ ಒಡಲಿನ ನೀರನ್ನು ಬಿಟ್ಟು ಕುದಿಯುವಂತೆ ತೋರುವುದರಿಂದ 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ 'ಕುದಿಯುವ ಕಲ್ಲು' ಎಂಬರ್ಥದ ಆ ಗ್ರೀಕ್ ಹೆಸರಿಟ್ಟ.

ಈಗ ಗಣಿಯೊಳಗೆ ಬನ್ನಿ. ಅಲ್ಲಿ ಕಲ್ಲೊಡೆಯುವುದು ಹರಳಿಗಾಗಿ ಅಲ್ಲ. ರಸ್ತೆಗೆ, ಸೇತುವೆಗೆ, ನಾವು ಸಾಲ ಮಾಡಿ ಕೊಳ್ಳುವ ಮನೆಗಳ ಕಾಂಕ್ರೀಟಿಗೆ. ಕುಳಿ ಕೊರೆದು, ಮದ್ದು ತುಂಬಿ ಸಿಡಿಸಿದಾಗ ಪೊಟರೆ ತೆರೆದುಕೊಂಡರೆ ಅದು ಆಕಸ್ಮಿಕ. ಯಾರೋ ಒಬ್ಬ ಕೆಲಸಗಾರ ಅದನ್ನು ಕಂಡು, ಉಳಿಯಿಂದ ಬಿಡಿಸಿ, ಗೋಣಿಯಲ್ಲಿ ಸುತ್ತಿಡದಿದ್ದರೆ ಅದರ ಮುಂದಿನ ದಾರಿ ಕ್ರಷರಿನ ಬಾಯಿ. ಹರಳು ಭೂಮಿಯಲ್ಲಿ ಉಳಿಯುವ ಆಯ್ಕೆ ಅಲ್ಲಿಲ್ಲ. ಇರುವುದು ಕಪಾಟು ಅಥವಾ ಜಲ್ಲಿ, ಎರಡೇ. ನಮ್ಮ ಫ್ಲೈಓವರುಗಳ ಕಂಬಗಳೊಳಗೆ ಎಷ್ಟು ಅಪೊಫಿಲೈಟ್ ಪುಡಿಯಾಗಿ ಸೇರಿದೆಯೋ ಲೆಕ್ಕವಿಟ್ಟವರಿಲ್ಲ.

ಎಲ್ಲ ಕಡೆ ಹೀಗೆಯೇ ಎಂದು ನಾನು ವಾದಿಸುವುದಿಲ್ಲ. ಮೆಕ್ಸಿಕೊದ ನೈಕಾ ಗಣಿಯಲ್ಲಿ 2000ದಲ್ಲಿ ಕಂಡ ಗುಹೆಯೊಳಗೆ 11 ಮೀಟರಿಗೂ ಉದ್ದದ ಜಿಪ್ಸಂ ಹರಳುಗಳಿವೆ. ಅವನ್ನು ಮುಟ್ಟದೆ ಬಿಡುವುದೇ ಸರಿ. ಬಿಟ್ಟರೆ ಉಳಿಯುವುದನ್ನು ಬಿಡಬೇಕು. ವಾಘೋಲಿಯದು ಬಿಟ್ಟರೆ ಉಳಿಯುವುದಲ್ಲ.

ಸಂಗ್ರಾಹಕರ ಮೇಲೆ ನನಗಿರುವ ದೂರು ಬೇರೆ. ಅವರು ಹರಳನ್ನು ಉಳಿಸುತ್ತಾರೆ, ಅದರ ಊರನ್ನು ಕಳೆಯುತ್ತಾರೆ. ಗಣಿಯಿಂದ ದಲ್ಲಾಳಿಗೆ, ಅಲ್ಲಿಂದ ರಫ್ತುದಾರನಿಗೆ, ಅಲ್ಲಿಂದ ಅಮೆರಿಕದ ಟೂಸಾನ್‌ನಲ್ಲಿ ಪ್ರತಿ ಫೆಬ್ರವರಿ ನೆರೆಯುವ ಸಂತೆಗೋ ಜರ್ಮನಿಯ ಮ್ಯೂನಿಕ್ಕಿಗೋ ಸಾಗುವಾಗ ಜಾಗದ ಹೆಸರು ಒಂದೊಂದು ಕೈಯಲ್ಲೂ ಸವೆಯುತ್ತದೆ. ಜಳಗಾಂವದ ಬಾವಿಯಲ್ಲಿ ಸಿಕ್ಕಿದ್ದೂ ನಾಸಿಕದ ಗಣಿಯದ್ದೂ ಕೊನೆಗೆ 'ಪೂನಾ' ಎಂಬ ಒಂದೇ ಚೀಟಿ ಹೊತ್ತು ನಿಲ್ಲುತ್ತವೆ. ಆಮೇಲೆ ಬರೀ 'ಇಂಡಿಯಾ'. ತನ್ನ ಮೂಲ ಗುಟ್ಟಾಗಿರಲೆಂದು ದಲ್ಲಾಳಿ ಬೇಕೆಂದೇ ಊರು ಬದಲಿಸುವುದೂ ಉಂಟು. ಇನ್ನು 'ಶಕ್ತಿಯ ಹರಳು'ಗಳ ಮಾರುಕಟ್ಟೆಗೆ ಬಂದರೆ ಚೀಟಿಯ ಪ್ರಶ್ನೆಯೇ ಇಲ್ಲ. ಅಲ್ಲಿ ಹತ್ತಿಯುಂಡೆಯಂಥ ಬಿಳಿಯ ಓಕೆನೈಟಿಗೆ ಗುಲಾಬಿ ಬಣ್ಣ ಅದ್ದುತ್ತಾರೆ, ಮುರಿದ ಕ್ಯಾವನ್ಸೈಟನ್ನು ಸ್ಟಿಲ್ಬೈಟಿನ ಮೇಲೆ ಅಂಟಿಸುತ್ತಾರೆ. ನೆಮ್ಮದಿ ಕೊಡುತ್ತದೆಂದು ನಂಬಿ ಕೊಳ್ಳುವವರಿಗೆ ಅಂಟಿನ ವಾಸನೆ ತಿಳಿಯುವುದಿಲ್ಲ.

ಊರು ಯಾಕೆ ಬೇಕು? ಕಡತಗಳ ನಡುವೆ ಬಾಳು ಸವೆಸುವ ನನ್ನಂಥವನಿಗೆ ಇದು ಬೇಗ ಹೊಳೆಯುತ್ತದೆ: ಸಂಖ್ಯೆ, ದಿನಾಂಕಗಳಿಲ್ಲದ ಹಾಳೆ ಎಷ್ಟೇ ಮುಖ್ಯವಾದ್ದನ್ನು ಹೇಳಿದರೂ ಯಾವ ಕಡತಕ್ಕೂ ಸೇರದು. ಯಾವ ಗಣಿ, ಯಾವ ಪದರ, ಜೊತೆಗೆ ಏನಿತ್ತು ಎಂಬುದಿದ್ದರೆ ಆ ನೀರು ಎಷ್ಟು ಬಿಸಿಯಿತ್ತು, ಯಾವ ಖನಿಜ ಮೊದಲು ಕೂತಿತು ಎಂದು ಭೂವಿಜ್ಞಾನಿ ಓದಬಲ್ಲ. ಕ್ಯಾವನ್ಸೈಟಿನ ಪಕ್ಕದಲ್ಲೇ ಅದೇ ರಾಸಾಯನಿಕ ಒಡಲಿನ, ಬೇರೆ ಕಟ್ಟಿನ ಪೆಂಟಗೊನೈಟ್ ವಾಘೋಲಿಯಲ್ಲಿ ಸಿಗುತ್ತದೆ. ಯಾವುದು ಯಾವ ಪೊಟರೆಯದೆಂದು ತಿಳಿಯದಿದ್ದರೆ ಅದು ಏಕೆ ಹಾಗೆ ಎಂಬ ಪ್ರಶ್ನೆಯನ್ನೂ ಕೇಳಲಾಗದು. ಚೀಟಿ ಕಳೆದ ಹರಳು ಚೆಲುವಾದ ಕಲ್ಲಾಗಿ ಉಳಿದೀತು, ಅಷ್ಟೆ. ಪರಊರಿನಲ್ಲಿದ್ದರೂ ಹೆಸರಿನ ಮೊದಲಕ್ಷರದಲ್ಲಿ ಹುಟ್ಟೂರನ್ನು ಹೊತ್ತು ತಿರುಗುವ ನಮ್ಮವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಪುಣೆಯದೇ ಪಾಷಾಣ್ ಭಾಗದ ಗುಡ್ಡಗಳನ್ನು ನೋಡಿ. ಪಾಷಾಣವೆಂದರೆ ಕಲ್ಲೇ. ಅಲ್ಲಿನ ಗಣಿಗಳ ಹಸಿರು ಅಪೊಫಿಲೈಟ್ ಒಂದು ಕಾಲಕ್ಕೆ ಸಂಗ್ರಾಹಕರ ಕನಸಾಗಿತ್ತು. ಇಂದು ಆ ಗಣಿಗಳು ಮುಚ್ಚಿವೆ. ಆ ಗುಡ್ಡದ ಒಡಲಲ್ಲಿ ಏನಿತ್ತೆಂಬುದಕ್ಕೆ ಈಗ ಇರುವ ಸಾಕ್ಷಿ ದೂರದೇಶಗಳ ಕಪಾಟುಗಳಲ್ಲಿರುವ ಕೆಲವು ತುಂಡುಗಳು, ಅವುಗಳ ಕೆಳಗಿನ ಚೀಟಿಗಳು.

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಮಗೆ ರಸ್ಕಿನ್ ಎಂದರೆ ಕಲಾವಿಮರ್ಶಕ, ಹೆಚ್ಚೆಂದರೆ ಗಾಂಧೀಜಿಯ ಸರ್ವೋದಯದ ಹಿಂದಿನ ಪ್ರೇರಣೆ. ಆತ ಬಾಲ್ಯದಿಂದಲೂ ಖನಿಜ ಸಂಗ್ರಾಹಕನಾಗಿದ್ದನೆಂದು ಯಾರೂ ಹೇಳಲಿಲ್ಲ. 1875ರಲ್ಲಿ ಆತ ಶೆಫೀಲ್ಡಿನ ವಾಕ್ಲಿಯಲ್ಲಿ ಒಂದು ಸಣ್ಣ ಸಂಗ್ರಹಾಲಯ ತೆರೆದ. ಅದು ಆ ಊರಿನ ಕಬ್ಬಿಣ, ಉಕ್ಕಿನ ಕೆಲಸಗಾರರಿಗಾಗಿ. ಚಿತ್ರ, ಪುಸ್ತಕಗಳ ಜೊತೆ ಅಲ್ಲಿ ಖನಿಜಗಳೂ ಇದ್ದವು. ವಾಘೋಲಿಯ ಕ್ರಷರುಗಳ ಬಳಿ ಧೂಳಿನ ನಡುವೆ ಕಲಬುರಗಿ ಕಡೆಯ ಕನ್ನಡ ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ವಾಕ್ಲಿ ನೆನಪಾಗುತ್ತದೆ. ಕಲ್ಲಿನೊಳಗಿನ ನೀಲಿಯನ್ನು ಮೊದಲು ಕಂಡವನು ಈತ, ಮುರಿಯದಂತೆ ಬಿಡಿಸಿದ ಕೈ ಈತನದು. ಅದನ್ನು ತೊಳೆದು, ಬೆಳಕಿಗಿಟ್ಟು, ಹೆಸರು ಬರೆದು ಇಟ್ಟಿರುವುದನ್ನು ಈತನ ಮಕ್ಕಳು ಎಲ್ಲಿ ನೋಡಬೇಕು? ನಾಸಿಕದ ಬಳಿಯ ಸಿನ್ನರದಲ್ಲಿ ಗಾರ್ಗೋಟಿ ಸಂಗ್ರಹಾಲಯವಿದೆ. ಒಬ್ಬ ಸಂಗ್ರಾಹಕರ ಹಟದಿಂದ ಎದ್ದು ನಿಂತ ಅದನ್ನು ನೋಡದವರು ನೋಡಿ ಬರಬೇಕು. ಆದರೆ ಇಡೀ ದಖ್ಖನಿನ ಹೊಣೆಯನ್ನು ಖಾಸಗಿ ಉತ್ಸಾಹಕ್ಕೆ ಹೊರಿಸಿ ಕೂರುವುದು ನ್ಯಾಯವಲ್ಲ.

ಸಾಂಸ್ಕೃತಿಕ ಸ್ವತ್ತನ್ನು ಕುರಿತ ಯುನೆಸ್ಕೊದ 1970ರ ಒಡಂಬಡಿಕೆ ಅಪರೂಪದ ಖನಿಜ ಮಾದರಿಗಳನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಭಾರತ 1977ರಲ್ಲೇ ಅದನ್ನು ಅನುಮೋದಿಸಿತು. ಗಣಿಯಲ್ಲಿ ಮಾತ್ರ ಕಲ್ಲಿನ ಲೆಕ್ಕ ಬ್ರಾಸ್‌ನಲ್ಲಿ, ಅಂದರೆ ನೂರು ಘನ ಅಡಿಗೆ ಇಷ್ಟು ಎಂದು. ನಾನು ಕೇಳುವುದು ದೊಡ್ಡದೇನಲ್ಲ. ಗಣಿಯ ಪರವಾನಗಿಯಲ್ಲಿ ಒಂದು ಸಾಲು ಸೇರಲಿ: ಪೊಟರೆ ತೆರೆದರೆ ಜಾಗ, ಆಳ, ದಿನಾಂಕ ಬರೆದಿಟ್ಟು, ಒಂದು ಮಾದರಿಯನ್ನು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಕೊಡಬೇಕು, ಬಿಡಿಸಿದವನಿಗೆ ಅದಕ್ಕೆ ಹಣ ಸಲ್ಲಬೇಕು. ಸರ್ಕಾರಿ ನೌಕರ ಇನ್ನೊಂದು ನಮೂನೆ ತುಂಬಿಸಲು ಹೊರಟಿದ್ದಾನೆಂದು ನಗುವವರು ನಗಲಿ. ಕೊಳ್ಳುವವರಾದ ನಾವೂ ಬೆಲೆ ಕೇಳುವ ಮೊದಲು ಊರು ಕೇಳೋಣ, ಹೇಳಲಾಗದವನಿಂದ ಕೊಳ್ಳದಿರೋಣ. ನಾಲ್ಕು ಜನ ಹೀಗೆ ಹಟ ಹಿಡಿದರೆ ದಲ್ಲಾಳಿಯೂ ಪೆನ್ನು ಹಿಡಿಯುತ್ತಾನೆ.

2021ರಲ್ಲಿ ವಾಘೋಲಿಯನ್ನು ಪುಣೆ ಮಹಾನಗರ ಪಾಲಿಕೆಗೆ ಸೇರಿಸಲಾಯಿತು. ವಸತಿ ಕಟ್ಟಡಗಳು ಗಣಿಗಳತ್ತ ಸರಿಯುತ್ತಿವೆ. ಪಾಷಾಣಿನ ಗಣಿಗಳಂತೆ ಇವೂ ಮುಚ್ಚುವ ದಿನ ಬರುತ್ತದೆ. ಬರೆದಿಡುವ ಕೆಲಸ ಅದಕ್ಕೆ ಮೊದಲು ಆಗಬೇಕು.