ಹತ್ತಿಗೆ ವಿಮೆ, ಆಳಿಗೆ ಮುಂಗಡ

ರಾಯಚೂರಿನ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಗುಡ್ಡೆ ಬಿದ್ದ ಹತ್ತಿಗೆ ಸಾಮಾನ್ಯವಾಗಿ ವಿಮೆ ಇರುತ್ತದೆ. ಮಾಲಕರ ಮುಂದಾಲೋಚನೆ ಒಂದೇ ಕಾರಣವಲ್ಲ. ದಾಸ್ತಾನಿನ ಮೇಲೆ ಸಾಲ ಕೊಡುವ ಬ್ಯಾಂಕು ಬೆಂಕಿ ವಿಮೆಯ ಕಾಗದ ನೋಡದೆ ದುಡ್ಡು ಬಿಡುವುದಿಲ್ಲ. ಅದೇ ಹತ್ತಿಯನ್ನು ಯಂತ್ರಕ್ಕೆ ಉಣಿಸುವವನ, ಅಂಡಿಗೆ ಹೊರುವವನ ಬಗ್ಗೆ ಹೀಗೆ ಪಟ್ಟು ಹಿಡಿದು ಕೇಳುವವರು ಯಾರೂ ಇಲ್ಲ. ಅವನ ಕೈ ಮುರಿದರೆ ಆರು ವಾರ ಪ್ಲಾಸ್ಟರು. ಸರ್ಕಾರಿ ಆಸ್ಪತ್ರೆ ರಿಮ್ಸ್‌ನಲ್ಲಿ ಮೂಳೆ ಕೂಡಿಸುತ್ತಾರೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ದಾರಿಯಿದೆ. ದವಾಖಾನೆಯ ಖರ್ಚಿನ ಮಾತು ಹಾಗೂ ಹೀಗೂ ಮುಗಿಯಿತು. ಆ ಆರು ವಾರ ದೇವದುರ್ಗದ ಹಳ್ಳಿಯ ಮನೆಗೆ ಜೋಳ ಬರುವುದು ಎಲ್ಲಿಂದ?

ಎಲ್ಲಿಂದ ಎಂಬುದು ಗಂಜಿನಲ್ಲಿ, ಅಂದರೆ ಊರಿನ ಮಾರುಕಟ್ಟೆಯಲ್ಲಿ, ಎಲ್ಲರಿಗೂ ಗೊತ್ತು. ಧಣಿಯ ಹತ್ತಿರ ಮುಂಗಡ.

ದುಡಿಯಲಾಗದೆ ಮಲಗಿದ ಕೆಲವು ವಾರಗಳ ಪಗಾರಕ್ಕೇ ವಿಮೆ ಮಾಡಿಸುವ ಪದ್ಧತಿ ಹೊರದೇಶಗಳಲ್ಲಿ ಹಳೆಯದು. ಅಮೆರಿಕದ ರೋಡ್ ಐಲೆಂಡ್ ರಾಜ್ಯ 1942ರಲ್ಲೇ ಅದನ್ನು ಕಾನೂನಿನಿಂದ ಕಡ್ಡಾಯ ಮಾಡಿತು. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಮಾತ್ರ ಅದು ಇಂದಿಗೂ ಐಚ್ಛಿಕ: ಕಂಪನಿ ನೌಕರರ ಮುಂದಿಡುತ್ತದೆ, ಬೇಕೆಂದವರು ಸಂಬಳದಲ್ಲಿ ಮುರಿಸಿಕೊಂಡು ಸೇರುತ್ತಾರೆ. ಅಪಘಾತವಷ್ಟೇ ಅಲ್ಲ, ಕಾಯಿಲೆ, ಹೆರಿಗೆಯೂ ಸಾಮಾನ್ಯವಾಗಿ ಅದರೊಳಗೆ ಬರುತ್ತವೆ.

ನಮ್ಮಲ್ಲಿ ಆ ಕೆಲಸ ಮಾಡುವುದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಹತ್ತು ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಕಡ್ಡಾಯ. ನೌಕರನ ಪಾಲು ಸಂಬಳದ ಶೇ 0.75, ಮಾಲಕನದು ಶೇ 3.25. ತಿಂಗಳಿಗೆ 15,000 ಎಣಿಸುವವನಿಗೆ ಕಡಿತವಾಗುವುದು 112 ರೂಪಾಯಿ 50 ಪೈಸೆ. ಬದಲಿಗೆ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70, ಕೆಲಸದಲ್ಲಿ ಪೆಟ್ಟಾದರೆ ವಾಸಿಯಾಗುವವರೆಗೂ ಶೇ 90. ಇಷ್ಟು ಅಗ್ಗಕ್ಕೆ ಇಷ್ಟು ಕೊಡುವ ಖಾಸಗಿ ಪಾಲಿಸಿಯನ್ನು ನಾನಂತೂ ಕಂಡಿಲ್ಲ. ಕಲಬುರಗಿಯ ಇಎಸ್‌ಐ ಆಸ್ಪತ್ರೆಗೆ ರಾಯಚೂರಿನಿಂದ ರೈಲು ಹತ್ತಬೇಕು, ಕಚೇರಿಯ ಕಾಗದಪತ್ರ ಸುಲಭವಲ್ಲ, ಎಲ್ಲ ನಿಜ. ಆದರೂ ಕೈಗೆ ಬರುವ ದುಡ್ಡು ದುಡ್ಡೇ.

ಇನ್ನು ಕಾನೂನಿನ ಸಣ್ಣ ಅಕ್ಷರಗಳನ್ನು ರಾಯಚೂರಿನವರು ಓದಬೇಕು. 1948ರ ಇಎಸ್‌ಐ ಕಾಯ್ದೆ ‘ಹಂಗಾಮಿ ಕಾರ್ಖಾನೆ’ಗಳನ್ನು ಹೊರಗಿಟ್ಟಿತು. ಯಾವುವು ಅವು? ಪಟ್ಟಿಯ ಮೊದಲ ಹೆಸರೇ ಹತ್ತಿ ಜಿನ್ನಿಂಗ್. ಎರಡನೆಯದು ಹತ್ತಿ, ಸೆಣಬಿನ ಪ್ರೆಸ್ಸಿಂಗ್. ಮೂರನೆಯದು ಶೇಂಗಾ ಸಿಪ್ಪೆ ಬಿಡಿಸುವುದು. ಆಮೇಲೆ ಕಾಫಿ, ನೀಲಿ, ಅರಗು, ರಬ್ಬರು, ಸಕ್ಕರೆ, ಚಹಾ. ನಮ್ಮ ಜಿಲ್ಲೆಯ ಕಸುಬುಗಳನ್ನು ನೋಡಿಕೊಂಡೇ ಬರೆದರೇನೋ ಅನ್ನಿಸುವ ಪಟ್ಟಿ! 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡಿದೆ. ನೀಲಿ ಬೆಳೆಯುವವರೇ ಅಪರೂಪವಾದರು, ಪಟ್ಟಿಯಲ್ಲಿ ನೀಲಿ ಮಾತ್ರ ಉಳಿಯಿತು.

ಸುಗ್ಗಿಯ ನಾಲ್ಕು ತಿಂಗಳ ಕೆಲಸಕ್ಕೆ ವರ್ಷದ ರಕ್ಷಣೆ ಹೇಗೆ ಕೊಡುವುದು ಎಂಬ ತರ್ಕ ಹೂಡುವವರಿದ್ದಾರೆ. ಇಎಸ್‌ಐನ ಲೆಕ್ಕವೇ ಅದಕ್ಕೆ ಒಪ್ಪುವುದಿಲ್ಲ. ಅಲ್ಲಿ ವರ್ಷವನ್ನು ಆರಾರು ತಿಂಗಳ ಎರಡು ವಂತಿಗೆ ಅವಧಿಯಾಗಿ ಒಡೆದಿದ್ದಾರೆ. ಒಂದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಬಿದ್ದರೆ ಕಾಯಿಲೆ ಭತ್ಯೆಗೆ ಅರ್ಹತೆ. ನಮ್ಮ ಜಿನ್ನಿಂಗ್ ಸೀಜನ್ ಓಡುವುದೂ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ. ನಾಲ್ಕು ತಿಂಗಳು ಮಿಲ್ಲು ನಡೆದರೆ 78 ದಿನ ದಾಟುವುದು ಕಷ್ಟವೇನಲ್ಲ. ಹಾಗಿದ್ದೂ ಜಿನ್ನಿಂಗ್ ಆಳು ಹೊರಗೆ, ಮಾನ್ವಿಯ ಅಕ್ಕಿ ಗಿರಣಿಯ ಆಳು ಒಳಗೆ. ಅಕ್ಕಿ ಗಿರಣಿ ಆ ಪಟ್ಟಿಯಲ್ಲಿಲ್ಲ. ಅಲ್ಲಿನ ತೊಡಕು ಬೇರೆ: ತೂಕದ ಲೆಕ್ಕದಲ್ಲಿ ಮೂಟೆ ಹೊರುವ ಹಮಾಲರ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆಯೇ? ಹನ್ನೆರಡು ಜನರಿಂದ ಕೆಲಸ ಮಾಡಿಸಿ ಒಂಬತ್ತು ಹೆಸರು ಬರೆಯುವ ಜಾಣತನ ಯಾವ ಊರಿಗೂ ಹೊಸದಲ್ಲ.

ಹೊರಗುಳಿದವರಿಗೆ ಇರುವುದೇನು? ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಮುರಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅದನ್ನು ಮಾಡಿಸುವಾಗ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

“ಇದ್ರಾಗ ಏನ್ ಬರ್ತದ್ರಿ?”

“ಅಪಘಾತದಾಗ ಸತ್ರ ಎರಡು ಲಕ್ಷ.”

“ಸಾಯಲಿಲ್ಲಂದ್ರ?”

ಎರಡೂ ಕಣ್ಣೋ, ಎರಡೂ ಕೈಯೋ ಕಾಲೋ ಹೋದರೆ ಎರಡು ಲಕ್ಷ. ಒಂದು ಕಣ್ಣು, ಒಂದು ಕೈ ಇಲ್ಲವೇ ಕಾಲು ಶಾಶ್ವತವಾಗಿ ಹೋದರೆ ಒಂದು ಲಕ್ಷ. ಮುರಿದು ಮತ್ತೆ ಕೂಡುವ ಕೈಗೆ ಏನೂ ಇಲ್ಲ. 20 ರೂಪಾಯಿಗೆ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವೂ ಅಲ್ಲ. ಆದರೆ ಕೂಲಿಯವನ ಬದುಕಿನಲ್ಲಿ ಹೆಚ್ಚಾಗಿ ಬರುವುದು ಸಾವಲ್ಲ, ಮತ್ತೆ ಕೂಡುವ ಮುರಿತ, ಇಳಿಯುವ ಜ್ವರ, ಹದಿನೈದು ದಿನ ಎದ್ದು ನಿಲ್ಲಲು ಬಿಡದ ಸೊಂಟನೋವು.

ಕೆಲಸದಲ್ಲಿ ಪೆಟ್ಟಾದರೆ ಮಾಲಕನೇ ಕೊಡಬೇಕೆಂಬುದು 1923ರ ಪರಿಹಾರ ಕಾಯ್ದೆಯಿಂದ ಬಂದ ನಿಯಮ. ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. ತಾತ್ಕಾಲಿಕವಾಗಿ ದುಡಿಯಲಾಗದವನಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ 25; ಎಂದರೆ ಅರ್ಧ ಪಗಾರ. ಹತ್ತಿ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯೂ ಅದರ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಆ ಪರಿಹಾರವನ್ನು ಕೇಳಿ ಪಡೆಯುವುದೆಂದರೆ ಧಣಿಯ ಮೇಲೆಯೇ ಅರ್ಜಿ ಹಾಕುವುದು. ಮುಂದಿನ ಸೀಜನ್ನಿಗೆ ಅದೇ ಗೇಟಿನ ಮುಂದೆ ನಿಲ್ಲಬೇಕಾದವನು ಎಷ್ಟು ಸಲ ಹಾಕಿಯಾನು? ಮಾಲಕ ಈ ಪರಿಹಾರಕ್ಕೆಂದೇ ಇರುವ ಡಬ್ಲ್ಯೂಸಿ ಪಾಲಿಸಿ ತೆಗೆದಿದ್ದರೆ ದುಡ್ಡು ವಿಮಾ ಕಂಪನಿಯದು, ಮನಸ್ತಾಪವೂ ಕಡಿಮೆ.

ಇದರ ಮೇಲೆ ಐಚ್ಛಿಕ ಗುಂಪು ವಿಮೆ ಬರಲಿ, ನನ್ನ ತಕರಾರಿಲ್ಲ. ತಿಂಗಳಿಗೆ 21,000 ದಾಟಿದ ಮುನೀಮರು, ಶಾಲಾ ಶಿಕ್ಷಕರು, ಶೋರೂಮಿನ ಮೇಲ್ವಿಚಾರಕರಿಗೆ ಅದು ಬೇಕು. ಆದರೆ ಕೊಳ್ಳುವ ಮುಂಚೆ ಒಂದು ಮಾತು ಗಟ್ಟಿಯಾಗಿ ಕೇಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವುದು ವೈಯಕ್ತಿಕ ಅಪಘಾತ ಪಾಲಿಸಿ. ಅದರಲ್ಲಿ ವಾರದ ಭತ್ಯೆ ಸೇರಿಸಿದ್ದರಷ್ಟೇ ಉಂಟು. ಮಾಮೂಲಿ ದರ ವಾರಕ್ಕೆ ವಿಮಾ ಮೊತ್ತದ ಶೇ 1. ಎರಡು ಲಕ್ಷದ ಪಾಲಿಸಿಗೆ ವಾರಕ್ಕೆ ಎರಡು ಸಾವಿರ. ಸೇರಿಸದಿದ್ದರೆ ಅದೂ ಸತ್ತರೆ ಇಲ್ಲವೇ ಅಂಗ ಶಾಶ್ವತವಾಗಿ ಹೋದರಷ್ಟೇ ಮಾತಾಡುವ ಪಾಲಿಸಿ. ಸೇರಿಸಿದರೂ ಡೆಂಗಿ, ಕಾಮಾಲೆಗೆ ದಮ್ಮಡಿ ಹುಟ್ಟುವುದಿಲ್ಲ, ಅವು ಅಪಘಾತವಲ್ಲ. ಆಸ್ಪತ್ರೆಯಲ್ಲಿ ಮಲಗಿದಷ್ಟು ದಿನ ನಗದು ಕೊಡುವ ಪಾಲಿಸಿಗಳಿವೆ. ಮನೆಯಲ್ಲಿ ಮಲಗಿದ ದಿನಗಳು ಅದರಲ್ಲಿ ಎಣಿಕೆಗೆ ಬರುವುದಿಲ್ಲ. ಕಾಯಿಲೆಗೂ ಪಗಾರ ಕೊಡುವುದು ಬಡವನ ಕೈಗೆಟಕುವಂತೆ ಇಎಸ್‌ಐ ಒಂದೇ. ಹತ್ತಕ್ಕಿಂತ ಕಡಿಮೆ ಜನರಿರುವ ಅಡತಿ ಅಂಗಡಿಗಳೂ ಮಾಲಕ ಮತ್ತು ಬಹುಪಾಲು ನೌಕರರು ಒಪ್ಪಿದರೆ ಸ್ವಇಚ್ಛೆಯಿಂದ ಅದಕ್ಕೆ ಸೇರಲು ಹೊಸ ಸಂಹಿತೆ ದಾರಿ ಬಿಟ್ಟಿದೆ. ಐಚ್ಛಿಕ ಎನ್ನುವುದಾದರೆ ನನಗೆ ಬೇಕಾದ ಇಚ್ಛೆ ಇದು, ಮಾಲಕನ ಇಚ್ಛೆ. ಆಳಿನ ಇಚ್ಛೆಗೆ ಬಿಟ್ಟರೆ ಏನಾಗುತ್ತದೆಂದು ಬಟವಾಡೆಯ ದಿನ ಗಂಜಿನಲ್ಲಿ ನಿಂತವರಿಗೆ ಗೊತ್ತು: ಕಿರಾಣಿಯ ಬಾಕಿ, ಮಗನ ಫೀಜು, ಆಮೇಲೆ ವಿಮೆ.

ರಾಜೇಂದ್ರ ಗಂಜಿನ ವರ್ತಕರು, ಜಿನ್ನಿಂಗ್ ಮಾಲಕರು ಒಟ್ಟಾಗಿ ವಾರದ ಭತ್ಯೆ ಸೇರಿದ ಒಂದು ಗುಂಪು ಪಾಲಿಸಿ ತೆಗೆದು, ಕಂತಿನ ದೊಡ್ಡ ಪಾಲು ತಾವು ಹಾಕಿದರೆ ಒಂದು ಅಂಡಿಗೆಯ ಮೇಲೆ ಬೀಳುವ ಖರ್ಚು ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು. ಹಂಗಾಮಿ ಪಟ್ಟಿಯಿಂದ ಹತ್ತಿಯನ್ನು ತೆಗೆಸುವ ಕೆಲಸ ಸಂಸದರದು. ಇಷ್ಟು ಸರಳವಾದದ್ದು ಏಕೆ ಆಗುವುದಿಲ್ಲ? ಖರ್ಚು ಕಾರಣವೆಂದು ನಾನು ನಂಬುವುದಿಲ್ಲ. ಮುಂಗಡ ಪಡೆದವನು ಮುಂದಿನ ದೀಪಾವಳಿಯ ಹೊತ್ತಿಗೆ ಅದೇ ಮಿಲ್ಲಿಗೆ, ಹಳೆಯ ಕೂಲಿಗೇ ಬರುತ್ತಾನೆ. ವಿಮೆಯಿಂದ ವಾರಕ್ಕೆ ಎರಡು ಸಾವಿರ ಪಡೆದು ಎದ್ದವನು ಪಕ್ಕದ ಮಿಲ್ಲಿನಲ್ಲಿ ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ಅಲ್ಲಿಗೆ ಹೋದಾನು.